ನಿಧಾನಪ್ಪನ ಗಾಡಿ

ಪೊಲೀಸ್ ಜೀಪು ಅಂಗಡಿಯ ಮುಂದೆ ಬಂದು ನಿಂತಾಗ ಸೀಟಕ್ಕ ಒಂದು ಹಳೆಯ ಸ್ಕೂಟರ್ ಸೀಟಿನ ಜೊತೆ ಗುದ್ದಾಡುತ್ತಿದ್ದಳು. ಊರಿನವರಿಗೆಲ್ಲ ಅವಳು ಸೀಟಕ್ಕನೇ. ಬೈಕಿನಿಂದ ಹಿಡಿದು ಲಾರಿಯವರೆಗೆ ಯಾವ ಸೀಟು ಹರಿದರೂ ಅವಳ ಮೇಜಿಗೇ ಬರಬೇಕು. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ, ಅದೇ ಹೊಲಿಗೆ ಯಂತ್ರ, ರಸ್ತೆಯ ತಿರುವಿನಲ್ಲಿ ಅದೇ ಒಂದೂವರೆ ಕೋಣೆಯ ಅಂಗಡಿ.

ಜೀಪಿನಿಂದ ಇಳಿದ ಪೇದೆ ಗೋಣಿಚೀಲ ಸುತ್ತಿದ್ದ ಏನನ್ನೋ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಮೇಜಿನ ಮೇಲೆ ಮೆಲ್ಲಗೆ ಇಳಿಸಿ, ಟೋಪಿ ತೆಗೆದು ನಿಂತ.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದು ನಿಮ್ಮ ತಮ್ಮ ಅವತ್ತು ಓಡಿಸ್ತಿದ್ದ ಗಾಡಿ ಸೀಟು. ತರಬೇತಿ ಶಾಲೆಯ ಹೊಸ ಸಭಾಂಗಣಕ್ಕೆ ಅವರ ಹೆಸರು ಇಡ್ತಿದ್ದಾರಲ್ಲ, ಬಾಗಿಲ ಪಕ್ಕ ಆ ಗಾಡೀನೂ ನಿಲ್ಲಿಸ್ತಾರಂತೆ. ಉಳಿದಿದ್ದೆಲ್ಲ ಗ್ಯಾರೇಜಿನವರು ಸರಿ ಮಾಡಿದ್ದಾರೆ. ಸೀಟು ಮಾತ್ರ ನಿಮ್ಮ ಕೈಯಲ್ಲೇ ಆಗ್ಲಿ ಅಂತ ದೊಡ್ಡ ಸಾಹೇಬರು ಕಳಿಸಿದ್ರು.”

“ಯಾವತ್ತಿಗೆ ಬೇಕು?”

“ಇನ್ನೂ ಮೂರು ವಾರ ಇದೆ. ನಿಧಾನವಾಗೇ ಮಾಡಿ.” ಹಾಗೆಂದವನೇ ಪೇದೆ ನಾಲಿಗೆ ಕಚ್ಚಿಕೊಂಡ. ಅವಳ ಸತ್ತ ತಮ್ಮನನ್ನು ಠಾಣೆಯಲ್ಲಿ ಎಲ್ಲರೂ ಕರೆಯುತ್ತಿದ್ದುದೇ ನಿಧಾನಪ್ಪ ಎಂದು. ಮೋಟಾರ್ ಸೈಕಲ್ ದಳದಲ್ಲಿದ್ದೂ ಅವನು ವಿನಾಕಾರಣ ವೇಗ ಹೆಚ್ಚಿಸಿದವನಲ್ಲ. ತುರ್ತಿಲ್ಲದ ದಿನ ಶಾಲೆಗೆ ಹೋಗುವ ಸೈಕಲ್‌ಗಳೂ ಅವನನ್ನು ಹಿಂದೆ ಹಾಕಿ ಮುಂದೆ ಹೋಗುತ್ತಿದ್ದವು.

ಜೀಪು ಹೋದ ಮೇಲೆ ಅಕ್ಕ ಗೋಣಿಚೀಲ ಬಿಚ್ಚಿದಳು. ಅಳು ಬರುತ್ತದೆ ಎಂದುಕೊಂಡು ಬಾಗಿಲನ್ನು ಅರ್ಧ ಮುಚ್ಚಿದ್ದಳು. ಅಳು ಬರಲಿಲ್ಲ. ರೆಕ್ಸಿನ್ನು ಒಂದು ಪಕ್ಕಕ್ಕೆ ಉದ್ದಕ್ಕೆ ಸೀಳಿತ್ತು. ಸೀಳಿನೊಳಗೆ ಬೆರಳು ತೂರಿಸಿ ಸ್ಪಂಜನ್ನು ಮುಟ್ಟಿದವಳು ಹಾಗೇ ನಿಂತುಬಿಟ್ಟಳು. ಸ್ಪಂಜು ಪೂರ್ತಿ ದಪ್ಪವಾಗಿತ್ತು. ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೇ. ಅಂಚಿನಲ್ಲಿ ಒಂಟಿ ಸಾಲಿನ ಯಂತ್ರದ ಹೊಲಿಗೆ.

ತಮ್ಮ ಗಿಡ್ಡ. ಪೊಲೀಸ್ ಕೆಲಸಕ್ಕೆ ಎತ್ತರ ಅಳೆದ ದಿನ ಕೂದಲೆಳೆಯಲ್ಲಿ ಪಾಸಾದವನು. “ಕೂದಲೆಳೆಯಲ್ಲ, ಕೂದಲೇ! ಅವತ್ತು ಕ್ಷೌರ ಮಾಡಿಸದೆ ಹೋಗಿದ್ದೇ ಬಚಾವು,” ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ದಳಕ್ಕೆ ಸೇರಿದಾಗ ಕೊಟ್ಟ ಭಾರಿ ಗಾಡಿಯ ಮೇಲೆ ಕುಳಿತರೆ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಆಗ ಅಕ್ಕ ಅದರ ಸೀಟು ಬಿಚ್ಚಿ, ನಡುವೆ ಮೂರು ಬೆರಳಿನಷ್ಟು ಸ್ಪಂಜು ಕೆತ್ತಿ, ಎರಡು ಸಾಲು ಹೊಲಿಗೆ ಹಾಕಿ ಕೊಟ್ಟಿದ್ದಳು. ಅವತ್ತು ಇದೇ ಅಂಗಡಿಯ ಮುಂದೆ ಗಾಡಿಯೇರಿ ಎರಡೂ ಹಿಮ್ಮಡಿ ಊರಿ, “ಈಗ ನೋಡು, ಭೂಮಿ ನನ್ನದು,” ಎಂದಿದ್ದ.

ಇದು ಆ ಸೀಟಲ್ಲ. ತನ್ನ ಕೈಯ ಹೊಲಿಗೆ ತನಗೆ ಗೊತ್ತಾಗದೆ ಇರುತ್ತದೆಯೇ? ಹಾಗಿದ್ದರೆ ಎರಡರಲ್ಲಿ ಒಂದು ನಿಜವಿರಬೇಕು. ಇದು ಅವನು ಸತ್ತ ಗಾಡಿಯ ಸೀಟಲ್ಲ, ಇಲ್ಲವೇ ಅವನು ಸತ್ತದ್ದು ಅವನ ಗಾಡಿಯ ಮೇಲಲ್ಲ.

ಎರಡು ವರ್ಷದ ಹಿಂದೆ ಅವಳಿಗೆ ಹೇಳಿದ್ದ ಕತೆ ನೇರವಾಗಿತ್ತು. ಗಿರಣಿಯ ಯಂತ್ರಕ್ಕೆ ಕೈ ಸಿಕ್ಕಿದ ಕೆಲಸದ ಹೆಂಗಸೊಬ್ಬಳನ್ನು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸುತ್ತಿದ್ದರು. ಬೆಂಗಾವಲಿಗೆ ಇಬ್ಬರು ಸವಾರರು, ನಿಧಾನಪ್ಪ ಮತ್ತು ಅವನ ಜೊತೆಗಾರ ಉದ್ದಣ್ಣ. ಒಬ್ಬ ಒಂದು ವೃತ್ತದಲ್ಲಿ ವಾಹನ ತಡೆದರೆ ಇನ್ನೊಬ್ಬ ಮುಂದಿನ ವೃತ್ತಕ್ಕೆ ಹೋಗಿ ದಾರಿ ಬಿಡಿಸಬೇಕು. ಮಾರುಕಟ್ಟೆ ಇಳಿಜಾರಿನ ವೃತ್ತಕ್ಕೆ ನಿಧಾನಪ್ಪ ಸೈರನ್ ಹಾಕಿಕೊಂಡೇ ನುಗ್ಗಿದ. ಲಾರಿಯವನು ಸೈರನ್ ಕೇಳಿಯೂ ನಿಲ್ಲಿಸಲಿಲ್ಲ. ತಮ್ಮ ಅಲ್ಲೇ ಹೋದ. ಗಿರಣಿಯ ಹೆಂಗಸು ಬದುಕಿದಳು. ಸೈರನ್ ಕೇಳಿಸಿತು ಎಂದು ಸಾಕ್ಷಿ ಹೇಳಿದವನು ಉದ್ದಣ್ಣ. ಲಾರಿಯವನ ಮೇಲಿನ ಕೇಸು ಇನ್ನೂ ನಡೆಯುತ್ತಿತ್ತು. ಮೊದಲ ದಿನ ಕೋರ್ಟಿನ ವರಾಂಡದಲ್ಲಿ ಅಕ್ಕ ಅವನ ಮುಖಕ್ಕೆ, “ನಿನ್ನ ಕಿವಿಗೆ ಏನು ಸೀಸ ಹುಯ್ದಿದ್ರಾ?” ಎಂದು ಕೂಗಿದ್ದಳು. ಆ ಮನುಷ್ಯ ತಲೆ ಎತ್ತಿರಲಿಲ್ಲ.

ಅದೇ ಸಂಜೆ ಉದ್ದಣ್ಣ ಬಂದ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದ ಆಳು. ತಮ್ಮ ಹೋದ ಮೇಲೆ ಒಂದು ಭಾನುವಾರವನ್ನೂ ತಪ್ಪಿಸಿದವನಲ್ಲ. ಬಂದು ಶಟರಿಗೆ ಎಣ್ಣೆ ಬಿಡುತ್ತಿದ್ದ, ಸಿಲಿಂಡರ್ ಹೊತ್ತು ತರುತ್ತಿದ್ದ, ಬಲ್ಬು ಹೋದರೆ ಸ್ಟೂಲು ಹತ್ತದೆಯೇ ಹಾಕುತ್ತಿದ್ದ. ಆದರೆ ಇವತ್ತು ಭಾನುವಾರವಲ್ಲ, ಬುಧವಾರ.

“ಸೀಟು ಇಲ್ಲಿಗೆ ಕಳಿಸಿದ್ರಂತೆ?” ಎಂದ, ಕೂರುವ ಮೊದಲೇ. ಹಣೆಯ ಮೇಲೆ ಬೆವರಿತ್ತು.

“ಹೂಂ. ಯಾಕೆ?”

“ಬುದ್ಧಿ ಇಲ್ಲ ಅವರಿಗೆ. ನಿಮ್ಮ ಕೈಲಿ ಅದನ್ನ ಹೊಲಿಸೋದಾ? ಕೊಡಿ ಅಕ್ಕಾ, ನಾನು ಬೇರೆ ಕಡೆ ಮಾಡಿಸ್ತೀನಿ. ನೀವು ಅದನ್ನ ನೋಡೋದೂ ಬೇಡ.”

“ಇನ್ನೂ ಬಿಚ್ಚಿಲ್ಲ.” ಸುಳ್ಳು ತಾನಾಗಿ ಬಾಯಿಗೆ ಬಂತು. ಗೋಣಿಚೀಲವನ್ನು ಅವಳು ಮತ್ತೆ ಸುತ್ತಿ ಮೂಲೆಗಿಟ್ಟಿದ್ದಳು.

ಉದ್ದಣ್ಣನ ಹೆಗಲು ಇಳಿದದ್ದನ್ನು ಅವಳು ನೋಡಿದಳು. ಸಮಾಧಾನವಾದವನ ಹೆಗಲು ಇಳಿಯುವ ರೀತಿ ಅದು.

“ಹಾಗಾದ್ರೆ ಕೊಟ್ಟುಬಿಡಿ.”

“ಇರಲಿ ಬಿಡು. ದೊಡ್ಡ ಸಾಹೇಬರು ನನ್ನ ಕೈಲೇ ಆಗ್ಲಿ ಅಂದಿದ್ದಾರೆ. ಟೀ ಕುಡೀತೀಯಾ?”

ಟೀ ಬೇಡವೆಂದು ಹೊರಟ. ಎರಡು ವರ್ಷದಲ್ಲಿ ಅವನು ಟೀ ಬೇಡವೆಂದದ್ದು ಇದೇ ಮೊದಲು. ಅಕ್ಕ ಬಾಗಿಲಿಗೆ ಬಂದು ನೋಡುತ್ತ ನಿಂತಳು. ಅವನು ನಡೆದೇ ತಿರುವು ದಾಟಿದ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಗಾಡಿ ಶುರುವಾದ ಸದ್ದು ಬಂತು. ಆಗ ಅವಳಿಗೆ ಹೊಳೆಯಿತು. ಇಷ್ಟು ಸಲ ಬಂದವನು ಒಂದು ದಿನವೂ ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿಲ್ಲ. ಅಂಗಡಿಯ ಮುಂದೆ ಆನೆ ಕಟ್ಟುವಷ್ಟು ಜಾಗವಿದೆ.

ಅಲ್ಲಿಂದ ಶುರುವಾಯಿತು ತಲೆಯೊಳಗೆ ಹುಳ ಕೊರೆಯುವುದು. ಸೀಟು ಹೊಲಿಯುವಾಗಲೂ ಅದೇ, ಅನ್ನಕ್ಕೆ ನೀರಿಡುವಾಗಲೂ ಅದೇ. ಉದ್ದಣ್ಣ ತಂದಿಟ್ಟ ಒಂದೊಂದು ವಸ್ತುವೂ ಅವಳನ್ನು ನೋಡಿ ಬೇರೆ ಮಾತು ಹೇಳತೊಡಗಿತು. ಆ ಬಲ್ಬು ಯಾಕೆ? ಶಟರಿಗೆ ಎಣ್ಣೆ ಯಾಕೆ? ಸ್ವಂತ ತಮ್ಮನೂ ಇಷ್ಟು ಮಾಡುತ್ತಿರಲಿಲ್ಲವಲ್ಲ! ಸಾಯುವ ಹದಿನೈದು ದಿನ ಮುಂಚೆ ತಮ್ಮ ಯಾರೋ ದೊಡ್ಡವರ ಕಾರು ತಡೆದು ಬೈಸಿಕೊಂಡು ಬಂದಿದ್ದ. ಬೇಕೆಂದೇ ಕೆಟ್ಟ ಗಾಡಿ ಕೊಟ್ಟು ಕಳಿಸಿದರೇ? ಯಾರು ಕೊಟ್ಟರು? ಇವನಿಗೆ ಎಲ್ಲ ಗೊತ್ತಿತ್ತೇ?

ಶುಕ್ರವಾರ ಅಂಗಡಿ ಮುಚ್ಚಿ, ಅಳತೆ ಟೇಪು ಚೀಲಕ್ಕೆ ಹಾಕಿಕೊಂಡು ಪೊಲೀಸ್ ಗ್ಯಾರೇಜಿಗೆ ಹೋದಳು. ತಗಡಿನ ಉದ್ದ ಶೆಡ್ಡು, ನೆಲದ ತುಂಬ ಎಣ್ಣೆಯ ಕಲೆ. ಅಲ್ಲಿನ ಮೇಸ್ತ್ರಿ ಅವಳಿಗೆ ಹಳೆಯ ಪರಿಚಯ. ರೆಕ್ಸಿನ್ ತುಂಡು ಬೇಕಾದಾಗ ಅಂಗಡಿಗೆ ಬರುತ್ತಿದ್ದ ಮುದುಕ.

“ತಳದ ತಟ್ಟೆ ಅಳತೆ ಸರಿಯಾಗಿ ಸಿಗ್ತಿಲ್ಲ ಮೇಸ್ತ್ರಿಗಳೇ. ಗಾಡಿ ನೋಡ್ಬೇಕಿತ್ತು.”

ಅವನು ಒಳಗಿನ ಮೂಲೆಗೆ ಕರೆದುಕೊಂಡು ಹೋದ. ಬಿಳಿ ಬಣ್ಣ ಬಳಿದು ಮದುಮಗನ ಹಾಗೆ ಸಿಂಗರಿಸಿದ್ದ ಗಾಡಿ ಸೀಟಿಲ್ಲದೆ ನಿಂತಿತ್ತು. ಟ್ಯಾಂಕಿನ ಮೇಲೆ ಒಂಬತ್ತು ಎಂಬ ಸಂಖ್ಯೆ. ಅಕ್ಕ ಸುಮ್ಮನೆ ಟೇಪು ಹಿಡಿದಳು. ಕಣ್ಣು ಮಾತ್ರ ಶೆಡ್ಡಿನ ಸಾಲಿನ ಮೇಲೆ ಹರಿಯುತ್ತಿತ್ತು. ಐದನೆಯ ಗಾಡಿಯ ಹತ್ತಿರ ಕಣ್ಣು ನಿಂತಿತು. ತಗ್ಗಿದ ಸೀಟು, ಎರಡು ಸಾಲು ಹೊಲಿಗೆ. ಟ್ಯಾಂಕಿನ ಮೇಲೆ ಹದಿನಾಲ್ಕು. ಹತ್ತಿರ ಹೋಗಿ ಹೊಲಿಗೆಯ ಮೇಲೆ ಕೈಯಾಡಿಸಿದಳು. ರೆಕ್ಸಿನ್ನು ಸವೆದು ಹೊಳೆಯುತ್ತಿತ್ತು.

“ಇದನ್ನ ಯಾರು ಓಡಿಸ್ತಾರೆ?”

“ಇನ್ಯಾರು, ನಮ್ಮ ಉದ್ದಣ್ಣ. ಸೀಟು ಎತ್ತರಿಸ್ಕೊಳ್ಳೋ ಮಾರಾಯ ಅಂತ ಎಷ್ಟು ಸಲ ಹೇಳಿದ್ರೂ ಮುಟ್ಟೋಕೆ ಬಿಡಲ್ಲ. ಕೂತ್ರೆ ಮೊಣಕಾಲು ಕಿವಿಗೆ ಬರುತ್ತೆ. ಮಿಡತೆ ಕೂತ ಹಾಗೆ.” ಮೇಸ್ತ್ರಿ ನಕ್ಕು, ಅವಳ ಮುಖ ನೋಡಿ ನಗು ನುಂಗಿದ.

“ಎಷ್ಟು ದಿನದಿಂದ?”

“ಆಯ್ತಲ್ಲ… ಎರಡು ವರ್ಷ.”

“ಮೇಸ್ತ್ರಿಗಳೇ, ಈ ಸೀಟು ನಾನು ನನ್ನ ತಮ್ಮನಿಗೆ ಅಂತ ಹೊಲಿದಿದ್ದು. ಅವನ ಗಾಡಿ ಹದಿನಾಲ್ಕೋ ಒಂಬತ್ತೋ?”

“ರಿಜಿಸ್ಟರಲ್ಲಿ ಒಂಬತ್ತು ಅಂತಿದೆ.”

“ರಿಜಿಸ್ಟರ್ ಹಾಳಾಗ್ಲಿ. ನೀವು ಹೇಳಿ.”

ಮುದುಕ ಚಿಂದಿಬಟ್ಟೆಯಿಂದ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಕೊನೆಗೆ ಒಂಬತ್ತನೆಯ ಗಾಡಿಯ ಹತ್ತಿರ ಕೂತು ಹ್ಯಾಂಡಲಿನ ಕೆಳಗೆ ಕೈ ತೋರಿಸಿದ.

“ನನಗೆ ಇನ್ನು ಐದು ತಿಂಗಳು ನೌಕರಿ. ನಾನು ಹೇಳ್ದೆ ಅನ್ಬೇಡಮ್ಮ. ಜಜ್ಜಿಹೋದ ಗಾಡಿ ಇಲ್ಲಿಗೆ ಬಂದಾಗ ಸೈರನ್ನಿನ ತಂತಿ ತುಂಡಾಗಿತ್ತು. ಅಷ್ಟು ಏಟಿಗೆ ತಂತಿ ತುಂಡಾಗದೆ ಇರುತ್ತಾ ಅಂದ್ರು. ಆದ್ರೆ ತುದಿಗೆ ಕಪ್ಪು ಟೇಪು ಸುತ್ತಿತ್ತು. ಗುದ್ದಿಸ್ಕೊಂಡ ಮೇಲೆ ಯಾರಾದ್ರೂ ಟೇಪು ಸುತ್ತುತ್ತಾರಾ? ತಂತಿ ಮೊದಲೇ ಹೋಗಿತ್ತು. ಯಾರೋ ಮನೆವೈದ್ಯ ಮಾಡಿದ್ದಾರೆ.”

“ಒಂಬತ್ತು ಅದಕ್ಕೆ ಮೊದಲು ಯಾರ ಹತ್ರ ಇತ್ತು?”

ಮೇಸ್ತ್ರಿಯ ಕಣ್ಣು ಐದನೆಯ ಗಾಡಿಯ ಕಡೆ ಹೋಗಿ ಬಂತು. ಅಷ್ಟು ಸಾಕಾಗಿತ್ತು.

ಮರುದಿನ ಅವಳು ಲಾರಿಯವನನ್ನು ಹುಡುಕಿಕೊಂಡು ಹೋದಳು. ಲೈಸೆನ್ಸು ಕಿತ್ತುಕೊಂಡ ಮೇಲೆ ಅವನು ಮಾರುಕಟ್ಟೆಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದಾನೆಂದು ಅಂಗಡಿಗೆ ಬರುವ ಲಾರಿಯವರು ಯಾವಾಗಲೋ ಆಡಿಕೊಂಡದ್ದು ಕಿವಿಯಲ್ಲಿತ್ತು. ಅವಳನ್ನು ಕಂಡೊಡನೆ ಅವನು ಬೆನ್ನ ಮೇಲಿನ ಮೂಟೆ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದ.

“ಜಗಳಕ್ಕೆ ಬಂದಿಲ್ಲ. ಒಂದೇ ಮಾತು ಕೇಳ್ಬೇಕು. ನಿಜ ಹೇಳು. ಸೈರನ್ ಕೇಳಿಸ್ತಾ?”

“ಎಲ್ಲರ ಮುಂದೆ ಹೇಳಿದ್ದೇ ಹೇಳ್ತೀನಮ್ಮ. ಕೇಳಿಸ್ಲಿಲ್ಲ. ಹಸಿರು ದೀಪ ಇತ್ತು, ಇಳಿಜಾರಲ್ಲಿ ಬರ್ತಿದ್ದೆ. ಒಂದೇ ಸಲಕ್ಕೆ ಮುಂದೆ ಬಿಳಿ ಗಾಡಿ. ಅವರು ಕೈ ಎತ್ತಿದ್ರು. ಬಾಯಲ್ಲಿ ಸೀಟಿ ಇತ್ತು, ಕೆನ್ನೆ ಉಬ್ಬಿತ್ತು. ನಾನು ಬ್ರೇಕ್ ಮೇಲೆ ನಿಂತ್ಕೊಂಡೇಬಿಟ್ಟೆ.” ಅವನು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಮನೇಲಿ ನನ್ನ ಹೆಂಡ್ತೀನೇ ಕೇಳ್ತಾಳೆ, ನಿಜವಾಗ್ಲೂ ಕೇಳಿಸ್ಲಿಲ್ವಾ ಅಂತ. ಈಗೀಗ ನನಗೇ ಅನುಮಾನ. ಕೇಳಿಸಿತ್ತೇನೋ, ನಾನೇ ಮರೆತಿದ್ದೀನೇನೋ ಅಂತ.”

ಅಕ್ಕ ಅವನ ಮುಖವನ್ನು ನೋಡುತ್ತಲೇ ಇದ್ದಳು. ಸುಳ್ಳು ಹುಡುಕಲೆಂದೇ ಬಂದಿದ್ದಳು. ಉಬ್ಬಿದ ಕೆನ್ನೆಯ ಮಾತು ಸುಳ್ಳಾಗಿರಲು ಸಾಧ್ಯವಿರಲಿಲ್ಲ. ಸೈರನ್ ಕೂಗುತ್ತಿದ್ದರೆ ತಮ್ಮ ಸೀಟಿ ಯಾಕೆ ಊದುತ್ತಿದ್ದ?

“ಮುಂದಿನ ವಿಚಾರಣೆ ಯಾವತ್ತು?”

“ಬರೋ ಗುರುವಾರ. ಅದೇ ಕೊನೇದು ಅಂದಿದ್ದಾರೆ ವಕೀಲರು.”

ಭಾನುವಾರ ಉದ್ದಣ್ಣ ಎಂದಿನಂತೆ ಬಂದ. ಮೇಜಿನ ಮೇಲೆ ಸೀಟು ಬಿಚ್ಚಿಕೊಂಡು ಕೂತಿತ್ತು. ಅದನ್ನು ನೋಡಿದ್ದೇ ಅವನು ಬಾಗಿಲಲ್ಲೇ ಕಲ್ಲಾದ.

“ಒಳಗೆ ಬಾ. ಇವತ್ತಾದ್ರೂ ಗಾಡೀನ ಅಂಗಡಿ ಮುಂದೆ ನಿಲ್ಲಿಸಿದೀಯೋ, ತಿರುವಲ್ಲೇ ಬಚ್ಚಿಟ್ಟಿದೀಯೋ?”

ಅವನು ಒಳಗೆ ಬಂದು ಸ್ಟೂಲಿನ ಪಕ್ಕ ನಿಂತ.

“ಹದಿನಾಲ್ಕು ನಂಬರಿನ ಗಾಡಿ. ನಾನು ಕೆತ್ತಿದ ಸೀಟು. ಕೂತ್ರೆ ಮಿಡತೆ ಹಾಗೆ ಕಾಣ್ತೀಯಂತೆ. ನನ್ನ ತಮ್ಮನ ಗಾಡಿ ನಿನ್ನ ಕೈಗೆ ಹೇಗೆ ಬಂತು ಉದ್ದಣ್ಣ? ನಿನ್ನ ಮುರುಕಲು ಗಾಡಿ ಅವನ ಕೈಗೆ ಹೇಗೆ ಹೋಯ್ತು?”

ಉದ್ದಣ್ಣ ಸ್ಟೂಲಿನ ಮೇಲೆ ಕುಸಿದ. ಅಷ್ಟುದ್ದದ ಮನುಷ್ಯ ಮಡಿಚಿಟ್ಟ ಹಾಸಿಗೆಯ ಹಾಗೆ ಕಂಡ.

“ಕೊಂದಿದ್ದು ನಾನೇ ಅಂತ ನೀವು ಅಂದ್ಕೊಂಡಿದ್ರೆ, ಹಾಗೇ ಅಂದ್ಕೊಳ್ಳಿ.”

“ನಾನು ಏನು ಅಂದ್ಕೋಬೇಕು ಅಂತ ನೀನು ಹೇಳ್ಕೊಡ್ಬೇಡ. ನಡೆದಿದ್ದು ಹೇಳು.”

ಅವನು ಹೇಳಿದ. ಆ ಘಟನೆಗೆ ನಾಲ್ಕು ದಿನ ಮುಂಚೆಯೇ ಒಂಬತ್ತರ ಸೈರನ್ನಿನ ತಂತಿ ಹೋಗಿತ್ತು. ಬರೆದುಕೊಟ್ಟರೆ ಗಾಡಿ ಗ್ಯಾರೇಜಿಗೆ ಹೋಗುತ್ತದೆ, ವಾರಗಟ್ಟಲೆ ಗೇಟು ಕಾಯುವ ಕೆಲಸ ಬೀಳುತ್ತದೆ. ಅದಕ್ಕೇ ಟೇಪು ಸುತ್ತಿ ಸುಮ್ಮನಾದ. ಒಮ್ಮೆ ಕೂಗುತ್ತಿತ್ತು, ಒಮ್ಮೆ ಇಲ್ಲ. ಅವತ್ತು ಆಂಬುಲೆನ್ಸಿನ ಕರೆ ಬಂದಾಗ ಸುತರಾಂ ಕೂಗಲಿಲ್ಲ. ಆಗ ನಿಧಾನಪ್ಪನಿಗೆ ಹೇಳಿದ.

“ಬೈದ ಅಕ್ಕಾ. ಮೊದಲ ಸಲ ನನಗೆ ಬೈದಿದ್ದು ಅವನು. ಆಮೇಲೆ, ಮುಂದೆ ಹೋಗೋನಿಗೆ ಸೈರನ್ ಬೇಕೇ ಬೇಕು, ಆ ಕಡೆ ಗಲ್ಲಿಗಳು ನಿನಗೇ ಗೊತ್ತು, ನನ್ನ ಗಾಡಿ ತಗೊಂಡು ನೀನು ಮುಂದೆ ಹೋಗು, ನಾನು ಆಂಬುಲೆನ್ಸ್ ಹಿಂದೆ ಇರ್ತೀನಿ ಅಂದ. ಸೇತುವೆ ಹತ್ರ ಗಾಡಿಗಳು ಒಂದಕ್ಕೊಂದು ಸಿಕ್ಕಾಕ್ಕೊಂಡಿದ್ವು. ನಾನು ಬಿಡಿಸ್ತಾ ಅಲ್ಲೇ ನಿಂತುಬಿಟ್ಟೆ, ಆಂಬುಲೆನ್ಸೂ ಅಲ್ಲೇ ಹಿಂದೆ ನಿಂತಿತ್ತು. ಮುಂದಿನ ವೃತ್ತದಲ್ಲಿ ಯಾರೂ ಇಲ್ಲ ಅಂತ ಅವನಿಗೆ ಗೊತ್ತಾಯ್ತು. ಸೈರನ್ ಇಲ್ದೇನೇ ನನ್ನ ಪಕ್ಕದಿಂದ ದಾಟಿ ಹೋದ. ಹೋಗ್ಬೇಡ ಅಂತ ನಾನು ಕೂಗ್ಲಿಲ್ಲ. ಕೂಗ್ಬಹುದಿತ್ತು.”

“ಸೈರನ್ ಕೇಳ್ತು ಅಂತ ಸಾಕ್ಷಿ ಹೇಳಿದೆಯಲ್ಲ.”

“ಗಾಡಿ ಅದಲುಬದಲು ಮಾಡ್ಕೊಂಡಿದ್ದು ತಪ್ಪು, ಹೊರಗೆ ಬಂದ್ರೆ ಇಬ್ಬರಿಗೂ ಕೆಟ್ಟದ್ದು ಅಂತ ಇನ್‌ಸ್ಪೆಕ್ಟರ್ ಸಾಹೇಬರು ರಿಜಿಸ್ಟರಿನ ಆ ಪುಟಾನೇ ಬೇರೆ ಬರೆಸಿದ್ರು. ಅಲ್ಲಿಗೆ ಒಂಬತ್ತು ಅವನದಾಯ್ತು, ಹದಿನಾಲ್ಕು ನನ್ನದಾಯ್ತು. ಆಮೇಲೆ ಸೈರನ್ ಇತ್ತಾ ಅಂತ ಕೇಳಿದ್ರು. ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳ್ತಾರೆ. ಇತ್ತು ಅಂದೆ.”

“ಎರಡು ವರ್ಷ ನನ್ನ ಮನೆ ಟೀ ಕುಡಿದೆ.”

“ಒಂದೊಂದು ಭಾನುವಾರಾನೂ ಹೇಳ್ಬೇಕು ಅಂತಾನೇ ಬರ್ತಿದ್ದೆ.”

“ಮತ್ತೆ ಬಲ್ಬು ಹಾಕಿ ಹೋಗ್ತಿದ್ದೆ.”

ಅವನು ಅತ್ತ. ಅಕ್ಕ ಸಮಾಧಾನ ಹೇಳಲಿಲ್ಲ. ಅವಳಿಗೆ ಅವನ ಅಳುವಿನ ಮೇಲೂ ನಂಬಿಕೆ ಹುಟ್ಟಲಿಲ್ಲ. ಇನ್ನೂ ಏನಾದರೂ ಬಾಕಿಯಿದೆಯೇ, ಹೊಟ್ಟೆಯಲ್ಲಿ ಒಂದು ತುಂಡು ಉಳಿಸಿಕೊಂಡಿದ್ದಾನೆಯೇ ಎಂದು ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಕೊನೆಗೆ, “ಗುರುವಾರ ಕೋರ್ಟಿಗೆ ಬರ್ತೀಯ. ಇದೆಲ್ಲ ಅಲ್ಲಿ ಹೇಳ್ತೀಯ. ಆ ಮನುಷ್ಯನಿಗೆ ತನ್ನ ಕಿವಿ ಮೇಲೇ ನಂಬಿಕೆ ಹೋಗಿದೆ,” ಎಂದಳು.

“ನೌಕರಿ ಹೋಗುತ್ತೆ ಅಕ್ಕಾ.”

“ಹೋಗ್ಲಿ. ನನ್ನ ತಮ್ಮ ಹೋಗ್ಲಿಲ್ವಾ?”

ಉದ್ದಣ್ಣ ಆಗಲಿ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಎದ್ದು ಹೋದ. ಸೋಮವಾರ ಬೆಳಿಗ್ಗೆ ಅಕ್ಕನಿಗೆ ಠಾಣೆಯಿಂದ ಕರೆ ಬಂತು. ಅಂದರೆ ಇವನು ನೇರ ಹೋಗಿ ಅಲ್ಲಿ ಊದಿದ್ದಾನೆ! ಹಲ್ಲು ಕಡಿದುಕೊಂಡೇ ಹೋದಳು.

ಇನ್‌ಸ್ಪೆಕ್ಟರ್ ಎದ್ದು ನಿಂತು ಕುರ್ಚಿ ತೋರಿಸಿದರು. ನೀರು ತರಿಸಿದರು. ಅಷ್ಟೊಂದು ಮರ್ಯಾದೆ ಕಂಡೇ ಅವಳಿಗೆ ಅನುಮಾನ ಬಂತು.

“ನೋಡಮ್ಮಾ, ನಿಮ್ಮ ತಮ್ಮನ ಬಗ್ಗೆ ನಮಗೆಲ್ಲ ಎಷ್ಟು ಹೆಮ್ಮೆ ಅಂತ ನಿಮಗೆ ಗೊತ್ತು. ಸಭಾಂಗಣಕ್ಕೆ ಹೆಸರು, ಗೋಡೆ ಮೇಲೆ ಚಿತ್ರ. ಎಲ್ಲಾ ತಯಾರಾಗಿದೆ. ಈಗ ಇವನು ಹೋಗಿ ಕೋರ್ಟಲ್ಲಿ ಬೇರೆ ಕತೆ ಹೇಳಿದ್ರೆ ಏನಾಗುತ್ತೆ? ಸೈರನ್ ಇಲ್ಲ ಅಂತ ಗೊತ್ತಿದ್ದೂ ಕೆಂಪು ದೀಪ ದಾಟಿದವನು ಯಾರು? ನಿಮ್ಮ ತಮ್ಮ. ನಿಯಮ ಮುರಿದವನು ಅಂತ ಬರೀತಾರೆ. ಹೆಸರಿಗೆ ಮಸಿ. ಸಭಾಂಗಣಾನೂ ಇಲ್ಲ, ಏನೂ ಇಲ್ಲ. ನೀವು ಹೇಳಿದ್ರೆ ಉದ್ದಣ್ಣ ಕೇಳ್ತಾನೆ. ಸ್ವಲ್ಪ ಯೋಚನೆ ಮಾಡಿ.”

ಓ, ಹಾಗಾದರೆ ಉದ್ದಣ್ಣ ಚಾಡಿ ಹೇಳಲು ಬಂದಿರಲಿಲ್ಲ. ಕೋರ್ಟಿಗೆ ಹೋಗುತ್ತೇನೆಂದು ಹೇಳಿಯೇ ಹೋಗಲು ಬಂದಿದ್ದ.

ಅಕ್ಕ ನೀರಿನ ಲೋಟವನ್ನು ಮುಟ್ಟಲಿಲ್ಲ. ಒಂದು ಗಳಿಗೆ ಅವಳ ಮನಸ್ಸು ತೂಗಾಡಿದ್ದು ನಿಜ. ತಮ್ಮನ ಹೆಸರು ದೊಡ್ಡ ಅಕ್ಷರದಲ್ಲಿ ಬಾಗಿಲ ಮೇಲಿರುವುದನ್ನು ಅವಳು ಕನಸಿನಲ್ಲಿ ಎಷ್ಟು ಸಲ ಓದಿದ್ದಳೋ. ತಾಯಿತಂದೆ ಇಲ್ಲದ ಹುಡುಗನನ್ನು ರೆಕ್ಸಿನ್ ಸುರುಳಿಗಳ ನಡುವೆ ಮಲಗಿಸಿ ಬೆಳೆಸಿದವಳು.

“ಸಾಹೇಬರೇ, ಅವನು ಯಾಕೆ ದಾಟಿದ?”

“ಅಂದ್ರೆ?”

“ಆಟಕ್ಕೆ ದಾಟಿದ್ನಾ? ಆಂಬುಲೆನ್ಸಲ್ಲಿ ಒಬ್ಬಳು ಸಾಯ್ತಿದ್ಲು. ಸೈರನ್ ಇರ್ಲಿಲ್ಲ, ಸೀಟಿ ಇತ್ತು. ಸೀಟಿ ಊದ್ತಾ ಹೋದ. ಅದನ್ನೂ ಬರೀರಿ. ಅದು ಮಸಿಯಾದ್ರೆ ಆಗ್ಲಿ.” ಎದ್ದಳು. “ಆ ಸೀಟು ನಾನು ಹೊಲಿಯಲ್ಲ. ಅದು ಅವನ ಗಾಡಿ ಅಲ್ಲ.”

ಗುರುವಾರ ಕೋರ್ಟಿನ ಬೆಂಚಿನ ಮೇಲೆ ಕುಳಿತಾಗಲೂ ಅವಳಿಗೆ ಉದ್ದಣ್ಣನ ಮೇಲೆ ಭರವಸೆಯಿರಲಿಲ್ಲ. ಹತ್ತೂವರೆಯಾಯಿತು, ಬರಲಿಲ್ಲ. ಹನ್ನೊಂದಾಯಿತು. ಬಾಗಿಲು ಸದ್ದಾದಾಗಲೆಲ್ಲ ಕತ್ತು ತಿರುಗಿಸಿ ತಿರುಗಿಸಿ ನೋವು ಬಂತು. ಕೈಕೊಟ್ಟ, ಎಂದುಕೊಳ್ಳುವಷ್ಟರಲ್ಲಿ ಬಾಗಿಲ ಚೌಕಟ್ಟಿನಡಿ ತಲೆ ತಗ್ಗಿಸಿ ಒಳಗೆ ಬಂದ. ಸಮವಸ್ತ್ರವಿರಲಿಲ್ಲ. ಬೆಳಿಗ್ಗೆಯೇ ಅವನನ್ನು ಅಮಾನತಿನಲ್ಲಿಟ್ಟಿದ್ದರು.

ಕಟಕಟೆಯಲ್ಲಿ ನಿಂತು ಅವನು ಒಂದಕ್ಷರ ಬಿಡದೆ ಹೇಳಿದ. ಟೇಪಿನ ಮಾತು ಹೇಳಿದ, ಅದಲುಬದಲಿನ ಮಾತು ಹೇಳಿದ. ಸರ್ಕಾರದ ವಕೀಲರು ಎರಡು ವರ್ಷ ಸುಳ್ಳು ಹೇಳಿದವನನ್ನು ಇವತ್ತು ಯಾಕೆ ನಂಬಬೇಕು ಎಂದು ಕೇಳಿದಾಗ, “ನಂಬೋದು ಬೇಡ, ಹದಿನಾಲ್ಕರ ಸೀಟು ನೋಡಿ,” ಎಂದ. ಅದೇ ವಾರ ಗ್ಯಾರೇಜಿನ ಮೇಸ್ತ್ರಿಯನ್ನೂ ಕರೆಸಿದರು. ಐದು ತಿಂಗಳ ನೌಕರಿಗೆ ಅಂಜುತ್ತಿದ್ದ ಮುದುಕ ಆಣೆ ಮಾಡಿದ ಮೇಲೆ ಬೇಡವೆಂದರೂ ಮಾತು ನಿಲ್ಲಿಸಲಿಲ್ಲ.

ಲಾರಿಯವನು ಬಿಡುಗಡೆಯಾದ. ತೀರ್ಪು ಓದುವಾಗ ಅವನು ಎರಡೂ ಕಿವಿಗಳನ್ನು ಕೈಯಿಂದ ಮುಟ್ಟಿಕೊಂಡದ್ದನ್ನು ಅಕ್ಕ ನೋಡಿದಳು. ಹೊರಗೆ ವರಾಂಡದಲ್ಲಿ ಅವಳ ಮುಂದೆ ಬಂದು ನಿಂತ. ಅವಳೇ ಹೇಳಿದಳು, “ಅವತ್ತು ಇಲ್ಲೇ ನಿನಗೆ ಕೆಟ್ಟ ಮಾತಾಡಿದ್ದೆ. ಇಲ್ಲೇ ವಾಪಸ್ ತಗೋತೀನಿ.”

ಸಭಾಂಗಣಕ್ಕೆ ತಮ್ಮನ ಹೆಸರು ಇಡಲಿಲ್ಲ. ಸಮಾರಂಭವನ್ನೇ ಮುಂದೂಡಿ, ಆಮೇಲೆ ಸದ್ದಿಲ್ಲದೆ ಕೈಬಿಟ್ಟರು. ಇನ್‌ಸ್ಪೆಕ್ಟರ್ ದೂರದ ಊರಿಗೆ ವರ್ಗವಾದರು. ಉದ್ದಣ್ಣನ ನೌಕರಿ ಉಳಿಯಿತು, ಆದರೆ ಗಾಡಿ ಹೋಯಿತು. ಉಗ್ರಾಣದಲ್ಲಿ ಹೆಲ್ಮೆಟ್ ಎಣಿಸುವ ಕೆಲಸಕ್ಕೆ ಹಾಕಿದರು. ತನಿಖೆ ಮುಗಿಯಲು ಏಳು ತಿಂಗಳು ಹಿಡಿಯಿತು. ಅಷ್ಟು ತಿಂಗಳೂ ಅಕ್ಕ ಪ್ರತಿ ಲಕೋಟೆಯನ್ನೂ ಬಿಸಿ ಪಾತ್ರೆಯ ಹಾಗೆ ತುದಿಬೆರಳಲ್ಲಿ ಹಿಡಿದು ಒಡೆದಳು. ಏನೋ ಒಂದು ಮಸಿ ಬಳಿದೇ ಕಳಿಸುತ್ತಾರೆ ಎಂಬುದು ಅವಳ ಗಟ್ಟಿ ನಂಬಿಕೆಯಾಗಿತ್ತು. ಕೊನೆಗೆ ಬಂದ ಕಾಗದದಲ್ಲಿ, ನಿಯಮ ಮೀರಿದ್ದು ಹೌದು, ಜೀವ ಉಳಿಸಲು ಮೀರಿದ್ದು, ಕರ್ತವ್ಯದಲ್ಲಿ ಮಡಿದವರ ಗೋಡೆಯಲ್ಲಿ ಹೆಸರು ಸೇರಿಸಲಾಗುವುದು ಎಂದಿತ್ತು. ಅದನ್ನು ಅವಳು ಮೂರು ಸಲ ಓದಿದಳು. ಪಕ್ಕದ ಔಷಧಿ ಅಂಗಡಿಯವನಿಂದ ಇನ್ನೊಮ್ಮೆ ಓದಿಸಿ, “ಇದರಲ್ಲಿ ಎಲ್ಲೂ ಕಿತಾಪತಿ ಇಲ್ಲ ತಾನೇ?” ಎಂದು ಕೇಳಿದಳು.

ಮೂರನೆಯ ವರ್ಷದ ದಿನ ಆ ಗೋಡೆಯ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಇಪ್ಪತ್ತಮೂರು ಹೆಸರುಗಳ ಕೆಳಗೆ ಹೊಸದಾಗಿ ಕೆತ್ತಿದ ಸಣ್ಣ ಸಾಲು. ಅಕ್ಕ ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದಳು. ತಪ್ಪಿರಲಿಲ್ಲ. ಗಿರಣಿಯ ಹೆಂಗಸೂ ಬಂದಿದ್ದಳು. ಅವಳ ಬಲಗೈ ಮಡಿಚಲು ಬರುತ್ತಿರಲಿಲ್ಲ. ಎಡಗೈಯಿಂದಲೇ ಅಕ್ಕನ ಭುಜ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಉದ್ದಣ್ಣ ದೂರದ ಕಂಬದ ಹತ್ತಿರ ನಿಂತಿದ್ದ. ಆ ಭಾನುವಾರದ ಮೇಲೆ ಅವನು ಅಂಗಡಿಗೆ ಬಂದಿರಲಿಲ್ಲ. ಅವಳೂ ಕರೆದಿರಲಿಲ್ಲ. ಜನ ಚೆದುರಿದ ಮೇಲೆ ಅವಳೇ ಹತ್ತಿರ ಹೋದಳು. ಕ್ಷಮಿಸಿದ್ದೇನೆ ಎನ್ನುವಷ್ಟು ಮನಸ್ಸು ಮೆತ್ತಗಾಗಿರಲಿಲ್ಲ. ಆದರೆ ತಮ್ಮನ ಜೊತೆ ಕೊನೆಯ ಬಾರಿ ಮಾತಾಡಿದವನು ಇವನೊಬ್ಬನೇ.

“ಅವತ್ತು ಬೈದ ಅಂದೆಯಲ್ಲ. ಏನಂತ ಬೈದ?”

ಉದ್ದಣ್ಣ ಬೆಚ್ಚಿಬಿದ್ದ. “ಬೇಡ ಬಿಡಿ ಅಕ್ಕಾ.”

“ಹೇಳು.”

“ಲೇ ಒಂಟೆ, ಕತ್ತು ಇಷ್ಟುದ್ದ ಬೆಳೆಸಿದೀಯ, ಅದರೊಳಗೆ ಒಂದು ಸೈರನ್ ಇಡೋಕೆ ಆಗ್ಲಿಲ್ವಾ ಅಂದ. ಆಮೇಲೆ ನನ್ನ ಗಾಡಿ ಹತ್ತಿದ. ಸೀಟು ಎತ್ತರ ಅಲ್ವಾ, ಕಾಲು ನೆಲಕ್ಕೆ ಸಿಗ್ಲಿಲ್ಲ. ಹಿಂಗೆ ಹಿಂಗೆ ಕಾಲು ಆಡಿಸಿದ, ತೊಟ್ಟಿಲಲ್ಲಿರೋ ಕೂಸಿನ ಹಾಗೆ. ನಮ್ಮಕ್ಕನಿಗೆ ಗೊತ್ತಾದ್ರೆ ಈ ಸೀಟನ್ನೂ ಹಿಡಿದು ಕೆತ್ತಿಬಿಡ್ತಾಳೆ ಅಂದ.”

ಅಕ್ಕ ಅವನ ಮುಖವನ್ನು ಹಳೆಯ ರೂಢಿಯಂತೆ ಇಡೀ ಹುಡುಕಿದಳು. ತನ್ನನ್ನು ಮೆಚ್ಚಿಸಲು ಕಟ್ಟಿದ ಮಾತೇ? ಕಣ್ಣಿನ ಸುತ್ತ, ತುಟಿಯ ಹತ್ತಿರ, ಬೆರಳಿನಲ್ಲಿ. ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವಳಿಗರಿವಿಲ್ಲದೆ ನಗು ಉಕ್ಕಿಬಂತು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲಲಿಲ್ಲ.

ನಗು ತಗ್ಗಿದ ಮೇಲೆ ಕಟ್ಟೆಯ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿದಳು.

“ಆಮೇಲೆ? ಆಮೇಲೆ ಏನಂದ?”